ಉಬ್ಬರವಿಳಿತದ ಲಾಸ್ಸೊ: ಇಸ್ಟಾ ಕೊನೆಯಲ್ಲಿ ಯಾಕೆ ತೆವಳುತ್ತದೆ?

ಪ್ರಶ್ನೆ (ಕಾರವಾರ): ಬಂದರಿನ 30 ದಿನಗಳ ತಾಸುವಾರು ನೀರಿನ ಮಟ್ಟಕ್ಕೆ ಲಾಸ್ಸೊ (ಬೇಡದ ಗುಣಾಂಕಗಳನ್ನು ಸೊನ್ನೆಗೆ ತಳ್ಳುವ ದಂಡ ಸೇರಿಸಿದ ಲೀಸ್ಟ್ ಸ್ಕ್ವೇರ್ಸ್) ಹೊಂದಿಸುತ್ತಿದ್ದೇನೆ. ಬಿಡಿಸಲು ಇಸ್ಟಾ, ಅಂದರೆ ಪ್ರತಿ ಸುತ್ತಿಗೂ ಇಳಿಜಾರಿನ ದಿಕ್ಕಿಗೆ ಒಂದು ಹೆಜ್ಜೆ ಇಟ್ಟು ಗುಣಾಂಕಗಳನ್ನು ಸೊನ್ನೆಯತ್ತ ಕುಗ್ಗಿಸುವ ವಿಧಾನ. ಎಂ2, ಎಸ್2, ಕೆ1, ಓ1, ಪಿ1 ಹೀಗೆ ಉಬ್ಬರವಿಳಿತದ ಪ್ರತಿ ಘಟಕಕ್ಕೂ (ತನ್ನದೇ ಅವಧಿಯ ಅಲೆ) ಸೈನ್, ಕೊಸೈನ್ ಕಾಲಂ. ಹೆಜ್ಜೆ 1/ಎಲ್; ಎಲ್ ಎಂದರೆ ಗ್ರಾಮ್ ಮ್ಯಾಟ್ರಿಕ್ಸಿನ (ಕಾಲಂಗಳ ಪರಸ್ಪರ ಒಳಗುಣಲಬ್ಧಗಳ ಕೋಷ್ಟಕ) ಅತಿ ದೊಡ್ಡ ಐಗನ್ ಮೌಲ್ಯ. ಯಾವ ಗುಣಾಂಕ ಸೊನ್ನೆ ಎಂಬುದು ಬೇಗ ತಿಳಿಯುತ್ತದೆ. ಆಮೇಲೆ ದೋಷ ಲಾಗ್ ಗ್ರಾಫಿನಲ್ಲಿ ನೇರ ಗೆರೆ, ಇಳಿಜಾರು ಮಾತ್ರ ತೀರಾ ಕಡಿಮೆ.

ಉತ್ತರ (ಶಿರಸಿ): ನೇರ ಗೆರೆ ಒಳ್ಳೆಯ ಲಕ್ಷಣವೇ. ಸೊನ್ನೆಯಾದ ಪ್ರತಿ ಕಾಲಂಗೂ ಉಳಿಕೆ ದೋಷಕ್ಕೂ ಇರುವ ಒಳಗುಣಲಬ್ಧದ ಗಾತ್ರ ಲ್ಯಾಂಬ್ಡಾಗಿಂತ (ಲಾಸ್ಸೊ ದಂಡದ ತೂಕ) ಕಟ್ಟುನಿಟ್ಟಾಗಿ ಕಡಿಮೆಯಿದ್ದರೆ, ಸೀಮಿತ ಸುತ್ತುಗಳಲ್ಲಿ ಸಪೋರ್ಟ್ (ಸೊನ್ನೆಯಲ್ಲದ ಗುಣಾಂಕಗಳ ಗುಂಪು) ಬದಲಾಗದೆ ನಿಂತುಬಿಡುತ್ತದೆ. ಅಲ್ಲಿಂದ ದೋಷ ಪ್ರತಿ ಸುತ್ತಿಗೆ ಕನಿಷ್ಠ 1 − ಮ್ಯೂ/ಎಲ್ ಪಟ್ಟಿಗೆ ಇಳಿಯುತ್ತದೆ. ಮ್ಯೂ ಎಂದರೆ ಉಳಿದ ಕಾಲಂಗಳ ಗ್ರಾಮ್ ಮ್ಯಾಟ್ರಿಕ್ಸಿನ ಅತಿ ಚಿಕ್ಕ ಐಗನ್ ಮೌಲ್ಯ. ತೊಂದರೆ ಇರುವುದು ಅಲ್ಲೇ. ಕೆ1 ಅವಧಿ 23.93 ತಾಸು, ಪಿ1ದು 24.07, ಬೇರ್ಪಡಿಸಲು ಸುಮಾರು 183 ದಿನಗಳ ಅಳತೆ ಬೇಕು. 30 ದಿನಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಕಾಲಂ, ಹಾಗಾಗಿ ಮ್ಯೂ ತೀರಾ ಚಿಕ್ಕದಾಗುತ್ತದೆ. ಎಂ2, ಎಸ್2 ಜೋಡಿಗೆ 15 ದಿನ ಸಾಕು, ಅದನ್ನು ಮುಟ್ಟಬೇಡಿ. ಪಿ1 ಕಾಲಂ ತೆಗೆದು, ಅದರ ಎತ್ತರವನ್ನು ಉಬ್ಬರವಿಳಿತದ ಸಮತೋಲನ ಸಿದ್ಧಾಂತದಂತೆ ಕೆ1ರ 0.33 ಪಟ್ಟಿಗೆ ಕಟ್ಟಿಹಾಕಿ.

ಇನ್ನೊಂದು ಉತ್ತರ: ಫಿಸ್ಟಾ (ಹಿಂದಿನ ಹೆಜ್ಜೆಯ ವೇಗವನ್ನೂ ಸೇರಿಸಿಕೊಳ್ಳುವ ಇಸ್ಟಾ) ಬಳಸುವುದಾದರೆ ಆ ವೇಗವನ್ನು ಆಗಾಗ ಸೊನ್ನೆಗೆ ತರುವ ರೀಸ್ಟಾರ್ಟ್ ಇರಲೇಬೇಕು, ಇಲ್ಲದಿದ್ದರೆ ಮೊಮೆಂಟಂ (ಆ ವೇಗದ ಗುಣಾಂಕ) 1ರತ್ತ ಏರಿ ದೋಷ ತೂಗಾಡುತ್ತದೆ. ನನ್ನ ಆಯ್ಕೆ ಬೇರೆ: ಸಪೋರ್ಟ್, ಚಿಹ್ನೆ ಎರಡೂ 50 ಸುತ್ತು ಬದಲಾಗದಿದ್ದರೆ ಆ ಕಾಲಂಗಳ ಮೇಲಷ್ಟೇ ರೇಖೀಯ ಸಮೀಕರಣ ಬಿಡಿಸಿ. ಬಲಬದಿಯಿಂದ ಲ್ಯಾಂಬ್ಡಾ ಗುಣಿಸು ಚಿಹ್ನೆ ಕಳೆಯುವುದು ಬಿಟ್ಟುಹೋದರೆ ಲಾಸ್ಸೊ ಬದಲು ಬರೀ ಲೀಸ್ಟ್ ಸ್ಕ್ವೇರ್ಸ್ ಉತ್ತರ ಬರುತ್ತದೆ. ಚಿಹ್ನೆ ತಿರುಗಿದರೆ ಇಸ್ಟಾಗೆ ಮರಳಿ.