ಅಲ್ಯೂಮಿನಿಯಂ ಬ್ಲಾಕ್‌ನ ಪೀಕ್‌ಗಳು ಯಾಕೆ ಅಂಟಿಕೊಂಡು ಬರುತ್ತವೆ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ 4×5×6 ಸೆಂ.ಮೀ. ಅಲ್ಯೂಮಿನಿಯಂ ಬ್ಲಾಕ್‌ನ ರೆಸೊನೆನ್ಸ್, ಅಂದರೆ ಅದು ಜೋರಾಗಿ ಕಂಪಿಸುವ ಆವರ್ತನಗಳನ್ನು ಅಳೆಯುತ್ತಿದ್ದೇನೆ. ಗ್ರಾಫ್‌ನಲ್ಲಿ ಅವು ಪೀಕ್‌ಗಳಾಗಿ (ಶಿಖರಗಳಾಗಿ) ಕಾಣುತ್ತವೆ. ಅಕ್ಕಪಕ್ಕದ ಪೀಕ್‌ಗಳು ಒಂದನ್ನೊಂದು ದೂರ ತಳ್ಳುವ ವಿಗ್ನರ್ ಹಂಚಿಕೆ (ತೀರಾ ಚಿಕ್ಕ ಅಂತರಗಳು ಅಪರೂಪವಾಗಿರುವ ಹಂಚಿಕೆ) ಬರಬೇಕಿತ್ತು. ಆದರೆ ಎಷ್ಟೋ ಪೀಕ್‌ಗಳು ಅಂಟಿಕೊಂಡಂತೆ ಬರುತ್ತಿವೆ. ಎಲ್ಲಿ ತಪ್ಪಿದೆ? ಮಾಡಿ ನೋಡಿದವರು ಹೇಳಿ.

ಉತ್ತರ 1: ನಿಮ್ಮ ಅಳತೆ ಸರಿಯಾಗಿಯೇ ಇರಬಹುದು. ನಾನೂ ಇಲ್ಲೇ ಮೂರು ತಿಂಗಳು ಸಿಕ್ಕಿಕೊಂಡಿದ್ದೆ. ಸುಮ್ನೆ ಸೆನ್ಸರ್ ಬದಲಾಯಿಸುತ್ತಾ ಕೂತಿದ್ದೆ. ಕಾರಣ ಬ್ಲಾಕ್‌ನ ಆಕಾರದಲ್ಲಿತ್ತು.

ಆಯತಾಕಾರದ ಬ್ಲಾಕ್‌ನಲ್ಲಿ ಮೂರು ದಿಕ್ಕಿಗೂ ಕನ್ನಡಿ ಸಿಮೆಟ್ರಿ ಇರುತ್ತದೆ. ಪ್ರತಿ ದಿಕ್ಕಿನ ಕನ್ನಡಿಯಲ್ಲೂ ಕಂಪನ ಹಾಗೇ ಉಳಿಯಬಹುದು ಇಲ್ಲವೇ ತಲೆಕೆಳಗಾಗಬಹುದು. ಹಾಗಾಗಿ ಕಂಪನಗಳು 2×2×2, ಅಂದರೆ ಎಂಟು ಗುಂಪುಗಳಾಗುತ್ತವೆ. ಒಂದೇ ಗುಂಪಿನ ಪೀಕ್‌ಗಳು ಮಾತ್ರ ಪರಸ್ಪರ ತಳ್ಳುತ್ತವೆ. ಬೇರೆ ಗುಂಪಿನದು ಪಕ್ಕದಲ್ಲೇ ಬಂದು ಕೂತರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ನೀವು ನೋಡುತ್ತಿರುವುದು ಎಂಟು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟ ಚಿತ್ರ.

ಈ ಸಿಮೆಟ್ರಿ ಮುರಿಯಲು ಒಂದು ಮೂಲೆಯನ್ನು ಗೋಳದ ಎಂಟನೇ ಒಂದು ಭಾಗದ ಆಕಾರದಲ್ಲಿ ಕೊರೆಸಿ. ಕೋಪನ್‌ಹೇಗನ್‌ನ ನೀಲ್ಸ್ ಬೋರ್ ಸಂಸ್ಥೆಯವರು 1995ರಲ್ಲಿ ಅಲ್ಯೂಮಿನಿಯಂನಲ್ಲಿ ಇದನ್ನೇ ಮಾಡಿದ್ದರು. ಮರುವರ್ಷ ಕ್ವಾರ್ಟ್ಜ್ ಬ್ಲಾಕ್‌ನ ಮೂಲೆಯನ್ನು ಸ್ವಲ್ಪ ಸ್ವಲ್ಪವೇ ದೊಡ್ಡದಾಗಿ ಕೊರೆಯುತ್ತಾ ಹೋದರು. ಸಿಮೆಟ್ರಿ ಮುರಿದಂತೆಲ್ಲ ಬೇರೆ ಬೇರೆ ಇದ್ದ ಗುಂಪುಗಳು ಬೆರೆತು ಒಂದಾದವು. ನನ್ನ ಬ್ಲಾಕ್ ಕೊರೆಸಿದ ಮೇಲೆ ಅಂತರಗಳ ಗ್ರಾಫ್‌ನ ಎಡತುದಿ (ತೀರಾ ಚಿಕ್ಕ ಅಂತರಗಳ ಕಡೆ) ಸೊನ್ನೆಗೆ ಇಳಿದದ್ದನ್ನು ನೋಡಿದ ಖುಷಿ ಇವತ್ತಿಗೂ ಇದೆ.

ಇನ್ನೊಂದು ಮಾತು. ಅಲ್ಯೂಮಿನಿಯಂನಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 6,300 ಮೀಟರ್ ಓಡುತ್ತದೆ, ಅಡ್ಡ ಅಲೆ ಅದರ ಅರ್ಧದಷ್ಟು. ಬ್ಲಾಕ್‌ನ ಮೇಲ್ಮೈಗೆ ಒಳಗಿನಿಂದ ಓರೆಯಾಗಿ ಬಡಿದಾಗ ಒಂದು ಅಲೆಯಿಂದ ಎರಡೂ ಹುಟ್ಟುತ್ತವೆ. ಈ ಕವಲೊಡೆಯುವಿಕೆ ಗಾಳಿ ತುಂಬಿದ ಪೆಟ್ಟಿಗೆಯಲ್ಲಿ ಇಲ್ಲ. ನನಗೆ ಈ ವಿಷಯ ಹಿಡಿಸಿದ್ದೇ ಇದರಿಂದ.

ಉತ್ತರ 2: ಕೋಣೆಯ ತಾಪಮಾನ ನೋಡಿಕೊಳ್ಳಿ. ನಿಮ್ಮ ಬ್ಲಾಕ್‌ನಲ್ಲಿ 200 ಕಿಲೋಹರ್ಟ್ಸ್ ಹತ್ತಿರ ಪೀಕ್‌ಗಳ ಸರಾಸರಿ ಅಂತರ ಸುಮಾರು 200 ಹರ್ಟ್ಸ್ ಅಷ್ಟೇ. ಒಂದು ಡಿಗ್ರಿ ಏರಿದರೆ ಪೀಕ್ ಸುಮಾರು 50 ಹರ್ಟ್ಸ್ ಕೆಳಗೆ ಜಾರುತ್ತದೆ. ಸ್ವೀಪ್ (ಆವರ್ತನವನ್ನು ಮೆಲ್ಲಗೆ ಏರಿಸುತ್ತಾ ಅಳೆಯುವುದು) ಗಂಟೆಗಟ್ಟಲೆ ನಡೆದರೆ ಅಂತರಗಳೇ ಕೆಡುತ್ತವೆ, ಅಲ್ವಾ? ನಾನು ರಾತ್ರಿ ಅಳೆಯುತ್ತಿದ್ದೆ. ಬ್ಲಾಕ್ ಮೂರು ಚೂಪು ಮೊನೆಗಳ ಮೇಲೆ ಕೂರಲಿ, ಅಂಟು ಬೇಡ. ವ್ಯಾಕ್ಯೂಮ್ ಸಿಕ್ಕರೆ ಪೀಕ್‌ಗಳು ಇನ್ನೂ ಸಪೂರ ಆಗುತ್ತವೆ.

ಉತ್ತರ 3: ಸಿಕ್ಕ ಪೀಕ್‌ಗಳ ಎಣಿಕೆಯನ್ನು ವೈಲ್ ಸೂತ್ರದ ಜೊತೆ ಹೋಲಿಸಿ. ಬ್ಲಾಕ್‌ನ ಗಾತ್ರದಿಂದ ಎಷ್ಟು ಪೀಕ್ ಇರಬೇಕೆಂದು ಅಂದಾಜು ಹೇಳುವ ಸೂತ್ರ ಅದು. ಸೂತ್ರದಲ್ಲಿ ಮೇಲ್ಮೈ ವಿಸ್ತೀರ್ಣದ ಪದವನ್ನೂ ಸೇರಿಸಿ. ಸೆನ್ಸರ್ ಇರುವ ಜಾಗ ಕಂಪಿಸದಿದ್ದರೆ ಆ ಪೀಕ್ ಕಾಣುವುದೇ ಇಲ್ಲ. ನಾನು ಸೆನ್ಸರ್ ಜಾಗ ನಾಲ್ಕು ಸಲ ಬದಲಿಸಿ ಪಟ್ಟಿಗಳನ್ನು ಸೇರಿಸಿದ ಮೇಲೆ ಲೆಕ್ಕ ಸರಿಹೋಯಿತು.