ಸ್ಟೆಂಟ್ ಹಾಕಿದ ಮೇಲೆ ಒಬ್ಬಳೇ ಕುಮಾರಪರ್ವತ: ಯಾವ ಏದುಸಿರಿಗೆ ಹೆದರಬೇಕು?

ಹಾಸನದಕ್ಕ

ಎಲ್ಲರಿಗೂ ನಮಸ್ಕಾರ. ನನಗೆ 54 ವರ್ಷ, ಶಾಲೆಯಲ್ಲಿ ಟೀಚರ್. ಹೋದ ವರ್ಷ ಮಳೆಗಾಲದಲ್ಲಿ ಹೃದಯಾಘಾತ ಆಯಿತು. ಎದೆನೋವು ಬರಲೇ ಇಲ್ಲ. ದವಡೆ ನೋವು, ಬೆನ್ನು ಹಿಡಿದುಕೊಂಡ ಹಾಗೆ, ಮೈತುಂಬ ತಣ್ಣನೆ ಬೆವರು. ಹೆಂಗಸರಲ್ಲಿ ಹೀಗೂ ಬರುತ್ತದಂತೆ. ಇಲ್ಲಿರುವ ಅಕ್ಕತಂಗಿಯರು ದಯವಿಟ್ಟು ನೆನಪಿಟ್ಟುಕೊಳ್ಳಿ. ಹೃದಯದ ರಕ್ತನಾಳ ತೆರೆದಿಡಲು ಒಂದು ಸ್ಟೆಂಟ್ ಹಾಕಿದ್ದಾರೆ.

ಈಗ ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್ ಶೇಕಡ 55 ಇದೆ, ಅಂದರೆ ಸರಿಯಾಗಿದೆ. ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಟಿಎಂಟಿಯೂ ಚೆನ್ನಾಗಿ ಆಯಿತು. ನಿಧಾನಕ್ಕೆ ಬೆಟ್ಟ ಹತ್ತಬಹುದು ಅಂತ ಡಾಕ್ಟರು ಹೇಳಿದ್ದಾರೆ. ಒಬ್ಬಳೇ ಹೋಗುತ್ತೇನೆ ಅಂದರೆ ಮಗ ಊಟ ಬಿಟ್ಟು ಏಳುತ್ತಾನೆ.

ಮೊದಲಿನಿಂದಲೂ ನಾನು ಒಬ್ಬಳೇ ಹೋಗುವವಳು. ಬಿಸಿಲೆ ಘಾಟಿ ಇಳಿದು ಕುಕ್ಕೆ, ಅಲ್ಲಿಂದ ಬೆಳಕು ಹರಿಯುವ ಹೊತ್ತಿಗೆ ಕುಮಾರಪರ್ವತದ ಕಾಡು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕೂರಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಗುಂಪಿನಲ್ಲಿ ಹೋದರೆ ಅದು ಸಿಗುವುದಿಲ್ಲ. ಅದನ್ನು ಬಿಟ್ಟು ಬದುಕಲು ನನಗೆ ಇಷ್ಟವಿಲ್ಲ.

ಮೊನ್ನೆ ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿದೆ. ಅರ್ಧದಲ್ಲೇ ಏದುಸಿರು. ವಾಚಿನಲ್ಲಿ ನಾಡಿ 105 ದಾಟಲಿಲ್ಲ. ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡೆ. ಸುತ್ತ ಏನಿದೆ ಅಂತ ನೋಡಲೇ ಇಲ್ಲ, ಬರೀ ಎದೆ ಬಡಿತ ಕೇಳುತ್ತಿದ್ದೆ. ಇದು ಅಭ್ಯಾಸ ತಪ್ಪಿದ ಏದುಸಿರಾ, ಹೃದಯದ್ದಾ? ಹೇಗೆ ಗೊತ್ತಾಗುತ್ತದೆ?

ಸಿಸ್ಟರ್_ದಾವಣಗೆರೆ

ಅಕ್ಕಾ, ನಾನು ಹೃದಯ ವಿಭಾಗದಲ್ಲಿ ನರ್ಸ್. ನಿಮ್ಮ ಮಾತ್ರೆಗಳಲ್ಲಿ ಟಿಕಾಗ್ರೆಲರ್ ಇದೆಯಾ ನೋಡಿ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ. ಕೆಲವರಿಗೆ ಅದರಿಂದಲೇ ಉಸಿರು ಕಟ್ಟಿದ ಹಾಗಾಗುತ್ತದೆ, ಸುಮ್ನೆ ಕೂತಿದ್ದಾಗಲೂ. ಇದ್ದರೆ ಡಾಕ್ಟರಿಗೆ ಹೇಳಿ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು.

ಮೆಟೊಪ್ರೊಲಾಲ್ ತಗೊಳ್ಳುತ್ತಿದ್ದರೆ ವಾಚನ್ನು ನಂಬಬೇಡಿ. ಅದು ನಾಡಿಯನ್ನು ಮೇಲೇರಲು ಬಿಡುವುದಿಲ್ಲ. ಹತ್ತುವಾಗ ಒಂದು ಪೂರ್ತಿ ವಾಕ್ಯ ಆಡಿ ನೋಡಿ. ಆಡಲು ಆದರೆ ಆ ನಡಿಗೆ ಸರಿ. ಮಧ್ಯೆ ಉಸಿರಿಗೆ ನಿಲ್ಲಬೇಕಾದರೆ ನಿಧಾನ ಮಾಡಿ. ಅಭ್ಯಾಸ ತಪ್ಪಿದ ಏದುಸಿರು ನಿಂತ ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಜೊತೆಗೆ ದವಡೆ, ಬೆನ್ನು, ತಣ್ಣನೆ ಬೆವರು ಬಂದರೆ ಅಲ್ಲೇ ಕೂತುಬಿಡಿ. ನಾಲಿಗೆ ಕೆಳಗಿಡುವ ಮಾತ್ರೆ ಕೊಟ್ಟಿದ್ದಾರಲ್ವಾ? ಅದನ್ನು ಕೂತೇ ಇಟ್ಟುಕೊಳ್ಳಿ. ಬಿಪಿ ಇಳಿಯುತ್ತದೆ, ನಿಂತಿದ್ದರೆ ತಲೆ ಸುತ್ತಿ ಬೀಳುತ್ತೀರಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108 ಅಥವಾ 112.

ಮಂಡಿ ನೋವಿಗೆ ಚಾರಣಿಗರು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುತ್ತಾರೆ. ನಿಮಗೆ ಅದು ಬೇಡವೇ ಬೇಡ.

ಮೈಸೂರು_ಮೆಟ್ಟಿಲು

ನನಗೂ ಸ್ಟೆಂಟ್ ಆಗಿದೆ, ಮೇಡಂ. ನಾನು ಚಾಮುಂಡಿ ಬೆಟ್ಟದಿಂದ ಶುರು ಮಾಡಿದೆ. ಮೆಟ್ಟಿಲು ಸಾವಿರ ಇದ್ದರೂ ನಂದಿಯ ಹತ್ತಿರ ಡಾಂಬರು ರಸ್ತೆ ಸಿಗುತ್ತದೆ, ಸಾಕೆನಿಸಿದರೆ ಅಲ್ಲೇ ಬಿಡಬಹುದು. ಬಿಡುವ ದಾರಿ ಇದೆ ಅಂತ ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತದೆ. ಮೊದಲ ಹದಿನೈದು ನಿಮಿಷ ಬೇಕೆಂದೇ ತೀರಾ ನಿಧಾನ. ಮೇಲೆ ತಲುಪಿದ ಕೂಡಲೇ ಕೂರುವುದಿಲ್ಲ, ಸ್ವಲ್ಪ ಅಡ್ಡಾಡುತ್ತೇನೆ. ಎದೆಗೆ ಕಿವಿ ಕೊಡುವ ಚಾಳಿ ನನಗೂ ಇತ್ತು. ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹೋದ ಮೇಲೆ ತಾನಾಗಿ ಹೋಯಿತು.

ಸುಳ್ಯದವ

ಮಾರಾಯ್ರೆ, ಕುಕ್ಕೆ ಕಡೆಯಿಂದ ಹತ್ತುವುದೆಂದರೆ 1500 ಮೀಟರಿಗೂ ಜಾಸ್ತಿ ಏರು. ತುದಿ 1712 ಮೀಟರ್. ಮೊದಲ ಸಲ ತುದಿ ಬೇಡ. ದಾರಿ ಮಧ್ಯೆ ಸಿಗುವ ಗಿರಿಗದ್ದೆಯ ಭಟ್ಟರ ಮನೆವರೆಗೆ ಹೋಗಿ ವಾಪಸ್ ಬನ್ನಿ. ಅಲ್ಲಿವರೆಗೆ ಹೆಚ್ಚಿನದು ಕಾಡಿನ ನೆರಳು. ಆಮೇಲೆ ಹೆಚ್ಚಿನದು ಹುಲ್ಲುಗುಡ್ಡ, ಬಿಸಿಲಿಗೆ ಮರೆ ಕಡಿಮೆ. ನೀರು ಸಾಲದೆ ಗಟ್ಟಿಮುಟ್ಟಾದ ಹುಡುಗರೇ ಕೂತುಬಿಡುತ್ತಾರೆ.

ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಉಂಬಳದ (ಜಿಗಣೆಯ) ಕಾಲದಲ್ಲಿ ಬರಲೇಬೇಡಿ. ಉಂಬಳದ ಎಂಜಲೇ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಮೇಲೆ ನಿಮ್ಮ ಮಾತ್ರೆ ಬೇರೆ. ಕಚ್ಚಿದ ಜಾಗದಿಂದ ಗಂಟೆಗಟ್ಟಲೆ ಸೋರುತ್ತದೆ.

ಇನ್ನೊಂದು ಮಾತು. ವಾರದ ದಿನ ಬರಬೇಡಿ, ಶನಿವಾರ ಬನ್ನಿ. ಜನ ಜಾಸ್ತಿ ಅಂತ ನಿಮಗೆ ಬೇಜಾರಾಗಬಹುದು. ಆದರೆ ಕಾಡೊಳಗೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಮಾತಿಗೆ ಯಾರೂ ಬೇಡ, ಸರಿ. ಕೂಗಿದರೆ ಕೇಳುವಷ್ಟು ದೂರದಲ್ಲಿ ಯಾರಾದರೂ ಇರಲಿ.

ಹಾಸನದಕ್ಕ

ಸಿಸ್ಟರ್, ಟಿಕಾಗ್ರೆಲರ್ ಇದೆ, ಮೆಟೊಪ್ರೊಲಾಲೂ ಇದೆ. ಇದನ್ನು ಇಲ್ಲಿತನಕ ಯಾರೂ ಹೇಳಿರಲಿಲ್ಲ. ಈ ಸಲದ ತಪಾಸಣೆಯಲ್ಲಿ ಕೇಳುತ್ತೇನೆ. ದೊಡ್ಡಬೆಟ್ಟದಲ್ಲಿ ಏದುಸಿರು ಬೇಗ ಇಳಿದಿತ್ತು, ದವಡೆ ನೋವಿರಲಿಲ್ಲ. ನಿಮ್ಮ ಮಾತು ಓದಿದ ಮೇಲೆ ಎಷ್ಟೋ ಸಮಾಧಾನ.

ಸುಳ್ಯದವರೇ, ಶನಿವಾರದ ಮಾತು ಒಪ್ಪಿದೆ. ಮಗನಿಗೂ ಓದಿಸಿದೆ. ಅವನು ಕುಕ್ಕೆಯಲ್ಲಿ ಕಾಯುತ್ತಾನಂತೆ, ನಾನು ಗಿರಿಗದ್ದೆಗೆ ಹೋಗಿ ಮಧ್ಯಾಹ್ನ ಎರಡರೊಳಗೆ ಇಳಿಯಬೇಕು, ಇಲ್ಲದಿದ್ದರೆ ಅವನು ಹತ್ತಲು ಶುರು ಮಾಡುತ್ತಾನೆ. ಅಲ್ಲಿಯವರೆಗೆ ದೊಡ್ಡಬೆಟ್ಟ ಹತ್ತುತ್ತಿರುತ್ತೇನೆ. ನವೆಂಬರ್ ಕೊನೆಗೆ ಉಂಬಳ ಪೂರ್ತಿ ಹೋಗಿರುತ್ತದಾ, ಡಿಸೆಂಬರಿಗೆ ಕಾಯಲಾ?