ಮದುವೆಯಾಗಿ ಎಂಟು ತಿಂಗಳಿಗೆ ಮಗು, ಆದರೂ ಅಪ್ಪನ ಹೆಸರಿಲ್ಲ?

ನಾರ್ವಿಚ್ ಕನ್ನಡತಿ:
ನಮಸ್ಕಾರ. ನಾನಿರೋದು ಇಂಗ್ಲೆಂಡಿನ ನಾರ್ಫೋಕ್‌ನ ಒಂದು ಹಳ್ಳಿಯಲ್ಲಿ. ಸುತ್ತ ಬರೀ ಬಾರ್ಲಿ, ಗೋಧಿ ಹೊಲ. ಇಲ್ಲಿನ ಚರ್ಚಿನ ಹಳೇ ಮದುವೆ ರಿಜಿಸ್ಟರ್‌ಗಳನ್ನು ಫೋಟೋ ನೋಡಿ ಎಕ್ಸೆಲ್‌ಗೆ ಹಾಕುವ ಕೆಲಸ ಒಪ್ಪಿಕೊಂಡಿದ್ದೇನೆ. 1730ರಿಂದ 1765ರವರೆಗೆ ನನ್ನ ಪಾಲು.

1740ರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಫೆಬ್ರವರಿ 10ಕ್ಕೆ ಒಂದು ಮದುವೆ. ಗಂಡು ಪಕ್ಕದ ಪ್ಯಾರಿಷ್‌ನವನು (ಅಂದರೆ ಪಕ್ಕದ ಚರ್ಚಿಗೆ ಸೇರಿದ ಊರವನು), ಹೆಣ್ಣು ಇದೇ ಊರವಳು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವಳ ಮಗನಿಗೆ ಬ್ಯಾಪ್ಟಿಸಂ ಆಗಿದೆ. ಸರಿಯಾಗಿ ಎಂಟು ತಿಂಗಳು. ಆದರೆ ಅಲ್ಲಿ ಅವಳ ತವರಿನ ಹೆಸರೇ ಇದೆ, ಅಪ್ಪನ ಹೆಸರಿಲ್ಲ, ಪಕ್ಕದಲ್ಲಿ 'ಬೇಸ್‌ಬಾರ್ನ್' ಅಂತ ಬರೆದಿದ್ದಾರೆ. ಅಂದರೆ ಮದುವೆಯಾಗದೆ ಹುಟ್ಟಿದ್ದು ಅಂತ. ಗಂಡ ಬದುಕಿರುವಾಗ ಹೀಗೇಕೆ ಬರೆದರು? ಇನ್ನೊಂದು ವಿಷಯ, ಈ ಫೆಬ್ರವರಿ ಮದುವೆ ಪುಟದಲ್ಲಿ ಅಕ್ಟೋಬರ್ ಮದುವೆಗಳ ಕೆಳಗಿತ್ತು. ಪಾದ್ರಿ ಮರೆತು ಆಮೇಲೆ ಬರೆದಿರಬೇಕು ಅಂತ ನಾನೇ ಆ ಸಾಲನ್ನು ಮೇಲಕ್ಕೆ ತಂದು ಸರಿಮಾಡಿದೆ.

ಹಳೇ ಕಡತ:
ಅಯ್ಯೋ ತಾಯಿ, ಮೊದಲು ಆ ಸಾಲನ್ನು ಇದ್ದ ಜಾಗಕ್ಕೇ ಹಾಕಿ! ಪಾದ್ರಿ ಏನೂ ಮರೆತಿಲ್ಲ.

ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1740ರ ಫೆಬ್ರವರಿ ಬರುತ್ತಿದ್ದದ್ದು 1740ರ ಡಿಸೆಂಬರ್ ಆದ ಮೇಲೆ. ನಮ್ಮ ಲೆಕ್ಕದಲ್ಲಿ ಅದು 1741. ಹಾಗಾಗಿ ಮಗು ಮೊದಲು, ಮದುವೆ ನಾಲ್ಕು ತಿಂಗಳ ಮೇಲೆ. ಬ್ಯಾಪ್ಟಿಸಂ ದಿನ ಅವಳಿಗೆ ಗಂಡನೇ ಇರಲಿಲ್ಲ. ಜನವರಿ 1ಕ್ಕೆ ವರ್ಷ ಬದಲಾಗಿದ್ದು 1752ರಿಂದ. ಅದಕ್ಕೇ 1751ರಲ್ಲಿ 282 ದಿನ ಮಾತ್ರ. ನಿಮ್ಮ ಪುಟಗಳಲ್ಲಿ ಅದೂ ಬರುತ್ತದೆ, ಗಾಬರಿಯಾಗಬೇಡಿ. ರಿಜಿಸ್ಟರ್‌ನಲ್ಲಿ ಇದ್ದ ಹಾಗೇ 1740 ಅಂತ ಇಟ್ಟು, ಪಕ್ಕದ ಕಾಲಂನಲ್ಲಿ 1740/1 ಅಂತ ಹಾಕಿ.

ಇನ್ನೊಂದು ಮಜಾ ನೋಡಿ. ಈಸ್ಟರ್ ಲೆಕ್ಕ ಹಾಕಿದೆ. 1741ರ ಆ ಫೆಬ್ರವರಿ 10 ಮಂಗಳವಾರ. ಮರುದಿನದಿಂದಲೇ ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಲೆಂಟ್‌ನಲ್ಲಿ ಮದುವೆ ಮಾಡೋದು ಸರಿಯಲ್ಲ ಅನ್ನೋದು ಚರ್ಚಿನ ಹಳೇ ಪದ್ಧತಿ. ನಮ್ಮಲ್ಲಿ ನಾಳೆ ಆಷಾಢ ಅಂದ್ರೆ ಇವತ್ತೇ ತಾಳಿ ಕಟ್ಟಿಸಿದ ಹಾಗೆ!

ಸಾಲುಮನೆ:
ಎಕ್ಸೆಲ್ ಬಗ್ಗೆ ಒಂದು ಮಾತು. 1900ಕ್ಕಿಂತ ಹಿಂದಿನದನ್ನು ಅದು ತಾರೀಖು ಅಂತ ಒಪ್ಪೋದೇ ಇಲ್ಲ, ಸುಮ್ನೆ ಅಕ್ಷರ ಅಂದುಕೊಳ್ಳುತ್ತದೆ. ದಿನ, ತಿಂಗಳು, ವರ್ಷ ಬೇರೆ ಬೇರೆ ಕಾಲಂ ಮಾಡಿ. ಪುಟದ ಕ್ರಮಕ್ಕೂ ಒಂದು ನಂಬರ್ ಕೊಡಿ.

ನಾರ್ವಿಚ್ ಕನ್ನಡತಿ:
ನಾಚಿಕೆ ಆಗ್ತಿದೆ. ಸಾಲು ವಾಪಸ್ ಹಾಕಿದೆ. ಅದರ ಕೆಳಗೆ ನೇರ 1741ರ ಏಪ್ರಿಲ್ ಇದೆ! ಆದರೆ ಮಗುವಾಗಿ ನಾಲ್ಕು ತಿಂಗಳು ಸುಮ್ಮನಿದ್ದವನು ಆಮೇಲೆ ಯಾಕೆ ಮದುವೆಯಾದ?

ಹಳೇ ಕಡತ:
ಅವನ ಮನಸ್ಸಿನಲ್ಲಿ ಏನಿತ್ತೋ ರಿಜಿಸ್ಟರ್ ಹೇಳಲ್ಲ. ಊರಿನ ಲೆಕ್ಕ ಮಾತ್ರ ಗೊತ್ತು. ಅಪ್ಪ ಯಾರೂ ಮುಂದೆ ಬರದಿದ್ದರೆ ಅಂಥ ಮಗುವಿನ ಖರ್ಚು ಪ್ಯಾರಿಷ್ ಮೇಲೆ, ಅಂದರೆ ತೆರಿಗೆ ಕಟ್ಟುವ ರೈತರ ಮೇಲೆ. ಆ ಹಣ ನೋಡಿಕೊಳ್ಳುವ ಓವರ್‌ಸಿಯರ್‌ಗಳು ಅಪ್ಪನನ್ನು ಹುಡುಕಿ ಹಿಡಿಯುತ್ತಿದ್ದರು. ಕೆಲವು ಸಲ ಮದುವೆಗೂ ದಬಾಯಿಸುತ್ತಿದ್ದರು. ಅದರಲ್ಲೂ ಗಂಡು ಬೇರೆ ಊರವನಾದರೆ ಹೆಂಡತಿಯ ಜವಾಬ್ದಾರಿಯೂ ಅವನ ಊರಿಗೇ ಹೋಗುತ್ತಿತ್ತು. ಇವರಿಗೆ ತಲೆನೋವು ಕಡಿಮೆ. 1740 ಬೇರೆ ಕೆಟ್ಟ ವರ್ಷ. ವಿಪರೀತ ಚಳಿ, ಧಾನ್ಯ ತುಟ್ಟಿ. ಆ ಪ್ಯಾರಿಷ್‌ನ ಓವರ್‌ಸಿಯರ್ ಲೆಕ್ಕದ ಪುಸ್ತಕ ಉಳಿದಿದೆಯಾ ನೋಡಿ, ಹುಡುಗನ ಅಪ್ಪನ ಹೆಸರು ಅಲ್ಲಿರಬಹುದು.

ಅಂದಹಾಗೆ, ಆಮೇಲೆ ಮದುವೆಯಾದರೂ ಆ ಹುಡುಗ ಕಾನೂನಿನಲ್ಲಿ ಸಕ್ರಮ ಮಗ ಆಗಲಿಲ್ಲ. ಇಂಗ್ಲೆಂಡಿನಲ್ಲಿ ಆ ಕಾನೂನು ಬಂದಿದ್ದು 1926ರಲ್ಲಿ.

ನಾರ್ವಿಚ್ ಕನ್ನಡತಿ:
ಇವತ್ತು ಕೊನೆಯ ಪುಟಗಳಿಗೆ ಬಂದೆ. 1754ರಿಂದ ಮದುವೆಗೇ ಬೇರೆ ಪುಸ್ತಕ, ವಧೂವರರ ಸಹಿ, ಇಬ್ಬರು ಸಾಕ್ಷಿಗಳು ಕಡ್ಡಾಯ. ಓದು ಬರದವರು ಶಿಲುಬೆ ತರಹ ಗೀಟು ಹಾಕಿದ್ದಾರೆ. ಮದುವೆಗಳು ಜಾಸ್ತಿ ಅಕ್ಟೋಬರ್‌ನಲ್ಲೇ. ಸುಗ್ಗಿ ಮುಗಿದು, ಮೈಕಲ್‌ಮಸ್ ಅನ್ನೋ ಸೆಪ್ಟೆಂಬರ್ ಕೊನೆಯ ಚರ್ಚ್ ಹಬ್ಬಕ್ಕೆ ಹೊಲದ ಆಳುಗಳ ವರ್ಷದ ಕರಾರು ಮುಗಿದು, ಕೈಗೆ ಕೂಲಿ ಬರುವ ಹೊತ್ತು ಅಲ್ವಾ.

1764ರ ಅಕ್ಟೋಬರ್‌ನಲ್ಲಿ ಒಂದು ಮದುವೆ. ವರನ ಹೆಸರು ನಮ್ಮ ಹುಡುಗನದೇ, ಅಡ್ಡಹೆಸರು ತಾಯಿಯ ತವರಿನದು. ಸಹಿ ಮಾಡಿದ್ದಾನೆ, ಮೊದಲ ಅಕ್ಷರವೊಂದು ತಿರುವುಮುರುವಾಗಿದೆ. ಕೆಳಗೆ ಸಾಕ್ಷಿಯದು ಬರೀ ಗೀಟು. ಪಕ್ಕದಲ್ಲಿ ಪಾದ್ರಿ ಬರೆದಿರೋ ಹೆಸರು, ಆ ಫೆಬ್ರವರಿಯ ಗಂಡಿನದೇ.